ಬಾಯ್ಗೂಡಿದ್ದು

ಮಂಗಳವಾರ, ಬರ್ರಾದ ಕುರಿದೊಡ್ಡಿಯಲ್ಲಿ
ಹೆಬ್ಬೆರಳಿಂದ ಕೆಳದುಟಿ ಸರಿಸಿ
ವಯಸ್ಸು ಓದುವುದು ನನ್ನ ಕೆಲಸ.

ಕುರಿಗೆ ಮೇಲೆ ಮುಂದಿನ ಹಲ್ಲೇ ಇಲ್ಲ, ಬರೀ ಗಟ್ಟಿ ಒಸಡು.
ಕೆಳಗೆ ಎಂಟು ಹಾಲುಹಲ್ಲು, ನುಚ್ಚಕ್ಕಿ ಚೆಲ್ಲಿದ ಹಾಗೆ.
ವರ್ಷ ತುಂಬಿ ಮೂರು ನಾಲ್ಕು ತಿಂಗಳಿಗೆ
ನಡುವಿನವೆರಡು ಉದುರಿ, ಅಗಲದೊಂದು ಜೋಡಿ
ಸಲಿಕೆಯಂತೆ ಒಸಡು ಸೀಳಿ ಎದ್ದರೆ
ಕ್ಲೆಮ್ ಟ್ರೆಲೋರ್ ಕೂಗುತ್ತಾನೆ: "ಎರಡು ಹಲ್ಲು!"
ಆಮೇಲೆ ನಾಲ್ಕು. ಆಮೇಲೆ ಆರು.
ಎಂಟೂ ಬಂದವೋ, "ತುಂಬಿದ ಬಾಯಿ."

ನಮ್ಮ ಪಾವಗಡದ ಕಡೆಯೂ ಎಣಿಸುವುದು ಹೀಗೇ:
ಎರಡಲ್ಲು, ನಾಕಲ್ಲು, ಆರಲ್ಲು, ಬಾಯ್ಗೂಡಿದ್ದು.
ಕಡಲು ದಾಟಿ ಬಂದು ನಾನು ಕಲಿತ ಮೊದಲ ಇಂಗ್ಲಿಷು
ನನಗೆ ಮೊದಲೇ ಬರುತ್ತಿತ್ತು.

ಬೇಲಿಗೂಟದ ಮೇಲೊಂದು ಕಾಂಗರೂ ಬುರುಡೆ.
ಅದರ ದವಡೆಹಲ್ಲು ನಿಂತಲ್ಲಿ ನಿಲ್ಲುವುದಲ್ಲ,
ಹಿಂದೆ ಹುಟ್ಟಿ, ಮುಂದಕ್ಕೆ ಜರುಗಿ,
ಸವೆದದ್ದು ಮುಂದಿನಿಂದ ಕಳಚಿಕೊಳ್ಳುತ್ತದೆ,
ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ.
ಕೊನೆಯದೂ ದಾಟಿದ ಮೇಲೆ
ಸಾಲಿನಲ್ಲಿ ಯಾರೂ ಇಲ್ಲ.
ಹುಲ್ಲು ಮಾತ್ರ ಇದೆ, ಕಣ್ಣು ಹಾಯುವವರೆಗೆ.

ನನ್ನ ಸಾಲಿಗೆ ಒಬ್ಬ ತಡವಾಗಿ ಬಂದ.
ನಲವತ್ತೊಂದಕ್ಕೆ, ಎಡದವಡೆಯ ಕೊನೆಗೆ.
ಬುದ್ಧಿಹಲ್ಲಂತೆ! ಅಡ್ಡ ಮಲಗಿ
ಪಕ್ಕದವನ ಬೆನ್ನಿಗೆ ಮೊಣಕಾಲು ಒತ್ತಿದ್ದ.
ವಾರವಿಡೀ ಗಂಜಿ, ಲವಂಗ, ಶಾಪ.

ಕ್ಲೇರ್ ಊರಿನ ದಂತವೈದ್ಯೆ ಡಾಕ್ಟರ್ ಫುವೊಂಗ್
ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದಳು:
"ಇದು ಈಗ ಹುಟ್ಟಿದ್ದಲ್ಲ.
ನಿನಗೆ ಒಂಬತ್ತು ವರ್ಷ ಇದ್ದಾಗಲೇ
ಮೂಳೆಯೊಳಗೆ ಕೆಲಸ ಶುರುವಾಗಿತ್ತು.
ಎನಾಮಲ್ ಕಟ್ಟುವ ಜೀವಕೋಶಗಳು
ಹಲ್ಲು ಹೊರಬರುವ ಹೊತ್ತಿಗೆ ಸತ್ತುಹೋಗುತ್ತವೆ.
ಆಮೇಲೆ ರಿಪೇರಿಗೆ ಯಾರೂ ಇರುವುದಿಲ್ಲ."

ಬಾಯಿ ತೆರೆದೇ ಇತ್ತು. ಉತ್ತರ ಕೊಡಲಾಗಲಿಲ್ಲ.
ಒಂಬತ್ತು. ನಾಲ್ಕನೇ ಕ್ಲಾಸು.
ಬೋರ್‌ವೆಲ್ಲಿನ ಹಿಡಿಗೆ ಇಬ್ಬರು ಜೋತುಬಿದ್ದರೆ
ಒಬ್ಬಳು ಬೊಗಸೆ ಒಡ್ಡುವುದು.
ಮೂಗಿಗೂ ಏರಿದ ಆ ತಣ್ಣನೆ ನೀರಿಗೆ
ನಾವು ಮೇಲೆ ಕೆಮ್ಮಿ ನಗುತ್ತಿದ್ದಾಗ
ಒಳಗೆ, ಕತ್ತಲಲ್ಲಿ, ಮೇಸ್ತ್ರಿಗಳು
ಅದೇ ನೀರು ಹುಯ್ದು ಗಾರೆ ಕಲಸುತ್ತಿದ್ದರು.

ಕಿತ್ತು, ತೊಳೆದು, ಹತ್ತಿಯ ಮೇಲಿಟ್ಟಳು.
ಚಹಾ ಕಂಡಿಲ್ಲ, ಎಲೆಯಡಿಕೆ ಕಂಡಿಲ್ಲ,
ಹಗಲನ್ನೇ ಕಂಡಿಲ್ಲ ಅದು.
ಆದರೂ ಮೈಮೇಲೆ ಕಂದು ಪಟ್ಟೆ,
ನನ್ನ ಮುಂಬಲ್ಲಿನದ್ದೇ ಪಟ್ಟೆ.

ಇದ್ದಿಲಲ್ಲಿ ಉಜ್ಜು ಅಂದಿದ್ದರು. ಉಪ್ಪಲ್ಲಿ ಉಜ್ಜು ಅಂದಿದ್ದರು.
ಹೆಣ್ಣು ನೋಡಲು ಬಂದವರ ಮುಂದೆ
ತುಟಿ ಬಿಚ್ಚಬೇಡ ಅಂದಿದ್ದರು.
ನೇಯುವಾಗಲೇ ಬಿದ್ದ ಅಂಚನ್ನು
ಒಗೆದು ತೆಗೆಯಲಾದೀತೆ?
ಅಂಗೈ ಅಡ್ಡ ಹಿಡಿದು ನಗುವುದು
ಅಂದಿನಿಂದ ಬಂದ ರೂಢಿ.

ಹಾಲುಹಲ್ಲಾಗಿದ್ದರೆ ಸಗಣಿಯುಂಡೆಯಲ್ಲಿಟ್ಟು
ಮಾಡಿನ ಮೇಲೆ ಎಸೆಯಬಹುದಿತ್ತು.
ಇದಕ್ಕೆ ಶಾಸ್ತ್ರ ಯಾವುದು, ಯಾರನ್ನು ಕೇಳಲಿ?
ಕಾಗದದಲ್ಲಿ ಸುತ್ತಿ, ಅಂಗಿ ಜೇಬಿಗೆ ಹಾಕಿ
ಮುಂದಿನ ಮಂಗಳವಾರ ದೊಡ್ಡಿಗೆ ಹೋದೆ.

ಕ್ಲೆಮ್‌ನದು ಕಟ್ಟಿಸಿದ ಹಲ್ಲು, ಮೇಲೂ ಕೆಳಗೂ.
ಬಿಸಿಲಿಗೆ ಬೆನ್ನು ಮಾಡಿ, ಅಂಗೈ ಮೇಲೆ
ಉಗುರಿಂದ ಹೊರಳಿಸಿ ಹೊರಳಿಸಿ ನೋಡಿದ.
ಹುಡುಗನಾಗಿದ್ದಾಗ ಅವನು ಕ್ವೀನ್ಸ್‌ಲ್ಯಾಂಡಿನಲ್ಲಿ
ಯಾರದೋ ಮಂದೆ ಕಾಯ್ದವನು.
ಯಾರದ್ದು ಅಂತ ಕೇಳಲಿಲ್ಲ.

"ಬೋರಿನ ನೀರು," ಅಂದ.
"ಮರಿಯಾಗಿದ್ದಾಗ ಕುಡಿದದ್ದು."

ನಕ್ಕುಬಿಟ್ಟೆ.
ಎರಡೂ ಕೈ ಕುರಿಯ ಬಾಯಲ್ಲಿದ್ದವು.