ಗುರುವಾರದ ಲೆಕ್ಕ

ಅಪ್ಪ ಇಪ್ಪತ್ತಾರು ವರ್ಷ, ದಿನಕ್ಕೆ ನಾಲ್ಕು ಸಲ
ಕಡಲು ದಾಟಿದವನು;
ಕಡಲು ನೋಡಿದವನಲ್ಲ.
ಹಡಗಿನ ಹೊಟ್ಟೆಯೊಳಗೆ, ಎಂಜಿನ್ನಿನ ಮಗ್ಗುಲಲ್ಲಿ
ಕಿವಿಗೆ ಹತ್ತಿ, ಉಗುರಿಗೆ ಗ್ರೀಸು,
ನಮ್ಮ ಹೀಯುಮಾ ದ್ವೀಪದಿಂದ ಆಚೆ ದಡಕ್ಕೆ,
ಆಚೆ ದಡದಿಂದ ದ್ವೀಪಕ್ಕೆ,
ಲಾಳಿಯ ಹಾಗೆ.

ಅಮ್ಮ ಶಾಲೆಯ ಅಡುಗೆಯವಳು.
ತೊಂಬತ್ತು ಮಕ್ಕಳಿಗೆ ಬೀಟ್ರೂಟಿನ ಸಾರು ಬಡಿಸಿ ಬಂದು
ನನಗೂ ತಮ್ಮ ತಾವಿಗೂ ಅದೇ ಸೌಟಿನ ನ್ಯಾಯ:
ಅತ್ತರೂ ಅರ್ಧ ಹನಿ ಹೆಚ್ಚಿಲ್ಲ.

ಹಿಮ ಕರಗುತ್ತಿದ್ದಂತೆ ಬರ್ಚ್ ಮರಕ್ಕೆ ತೂತು ಕೊರೆದು
ಬಕೆಟ್ಟು ಕಟ್ಟುತ್ತಿದ್ದೆವು.
ರಾತ್ರಿಯೆಲ್ಲ ತೊಟ್ಟಿಕ್ಕಿದ ರಸ, ತೇಲುವ ಎರಡು ಇರುವೆ,
ನೀರಿಗೆ ಸಕ್ಕರೆಯ ಗಾಳಿ ಸೋಕಿದಷ್ಟು ಸಿಹಿ.
ಮೇ ತಿಂಗಳಲ್ಲಿ ಆಲೂಗಡ್ಡೆ ನೆಡುವಾಗ
ಮುಕ್ಕಾಲಿಯ ಮೇಲೆ ಕೂತ ಅಜ್ಜಿಯ ಒಂದೇ ಮಂತ್ರ:
"ಕಣ್ಣು ಮೇಲಕ್ಕೆ, ಕಣ್ಣು ಮೇಲಕ್ಕೆ!"
ಗಡ್ಡೆಗೋ ನಮಗೋ, ಕೇಳುವ ಧೈರ್ಯ ಯಾರಿಗಿತ್ತು?

ಜೂನಿನಲ್ಲಿ ಸೂರ್ಯ ಮಲಗಲು ಒಲ್ಲದ ಮಗು.
ಕಿಟಕಿಗೆ ಕಂಬಳಿ ಮೊಳೆ ಹೊಡೆದು
ನಮ್ಮನ್ನು ಕತ್ತಲೆಗೆ ಒಪ್ಪಿಸುತ್ತಿದ್ದಳು ಅಮ್ಮ.
ಸೆಪ್ಟೆಂಬರಿನಲ್ಲಿ ಅಣಬೆ.
ಅಣಬೆ ಸಿಗುವ ಜಾಗ ಗಂಡನಿಗೂ ಹೇಳಬಾರದು,
ಅದು ದ್ವೀಪದ ಕಾನೂನು.
ಬೆಳಗಾಗುವ ಮೊದಲೇ ಬುಟ್ಟಿ ಹಿಡಿದು ಹೋದವಳು
ಬಟ್ಟೆಗೆಲ್ಲ ಪಾಚಿಯ ವಾಸನೆ ಮೆತ್ತಿಕೊಂಡು ಬರುವಳು.
ಅಪ್ಪ ಕೇಳಿದವನೂ ಅಲ್ಲ.

ಕಡಲು ಹೆಪ್ಪುಗಟ್ಟಿದ ವರ್ಷ ಮಂಜಿನ ಮೇಲೆಯೇ ರಸ್ತೆ.
ಸೀಟ್ ಬೆಲ್ಟು ಹಾಕಬಾರದು, ಮಂಜು ಒಡೆದರೆ ಹಾರಬೇಕು.
ಕಾರಿನ ಬಾಗಿಲ ಹಿಡಿಯ ಮೇಲೆ ಅಮ್ಮನ ಕೈ,
ಅವಳ ತೊಡೆಯ ಮೇಲೆ ಅಪ್ಪನದು,
ಇಪ್ಪತ್ತೈದು ಕಿಲೋಮೀಟರು, ಮಾತಿಲ್ಲ.

ಮದುವೆಯ ಮೂವತ್ತೊಂದನೇ ವರ್ಷ, ನವೆಂಬರಿನಲ್ಲಿ,
ಮೂರೂವರೆಗೇ ದೀಪ ಹಚ್ಚುವ ದಿನಗಳಲ್ಲಿ
ಹತ್ತು ಕುರಿಮರಿ ಮಾರಿದ ದುಡ್ಡಿನಲ್ಲಿ
ಹೆಲ್ವೆ ಮತ್ತು ಕಾಲ್ಯೋ, ನನ್ನ ಅಮ್ಮ ಅಪ್ಪ,
ಎಂಟು ದಿನಕ್ಕೆ ಸಿಸಿಲಿಗೆ ಹೊರಟರು.
ಪೆಟ್ಟಿಗೆಯಲ್ಲಿ ಎರಡು ಕಪ್ಪು ಬ್ರೆಡ್ಡು:
"ಅಲ್ಲಿ ಏನು ತಿನ್ನುತ್ತಾರೋ, ಯಾರಿಗೆ ಗೊತ್ತು."

ಸೋಮವಾರ ಫೋನು: ಕುರಿಗೆ ನೀರಿಟ್ಟಿರಾ?
ಮಂಗಳವಾರ: ಒಲೆಯ ಹೊಗೆಗಂಡಿ ಮುಚ್ಚಿದೆಯಾ, ಟ್ರೀನ್?
ಬುಧವಾರ ಮೆಸ್ಸಿನಾದ ಜಲಸಂಧಿ ದಾಟುವ ಹಡಗು.
ಅಪ್ಪ, ಹುಟ್ಟಿ ಮೊದಲ ಸಲ
ಟಿಕೆಟ್ಟು ಕೊಂಡು, ಮೇಲಿನ ಅಟ್ಟದಲ್ಲಿ ನಿಂತು,
ಬಿಸಿಲು, ನೀಲಿ, ಎರಡು ಕಡೆ ಬೆಟ್ಟ...
ಕಣ್ಣು ಮುಚ್ಚಿ ಅಂದನಂತೆ:
"ಮೂರನೇ ಸಿಲಿಂಡರು ಕೆಮ್ಮುತ್ತಿದೆ."
"ಇದು ನಿಮ್ಮಪ್ಪ ನೋಡಿದ ಇಟಲಿ,"
ಫೋನಿನಲ್ಲಿ ಅಮ್ಮ ನಕ್ಕ ನಗು
ಶಾಲೆಯ ಅಡುಗೆಮನೆಯದಾಗಿರಲಿಲ್ಲ.

ಗುರುವಾರ ಫೋನಿಲ್ಲ.

ಶುಕ್ರವಾರ ಮತ್ತೆ ಕುರಿ, ಮತ್ತೆ ಒಲೆ.
ಭಾನುವಾರ ಬಂದಿಳಿದರು, ಮೂಗು ಕೆಂಪಗೆ ಸುಲಿದು,
ಕೋಟಿನ ಜೇಬಿನಲ್ಲಿ ಎಲೆಯಿರುವ ನಿಂಬೆಹಣ್ಣು.
ಒಂದು ಬ್ರೆಡ್ಡು ಮುಟ್ಟದೆ ಹಾಗೇ ವಾಪಸು.
ಫೋಟೋಗಳಲ್ಲಿ ಬೆಂಚು, ಬೆಕ್ಕು, ಮೀನಿನಂಗಡಿ,
ಬಿಸಿಲಲ್ಲೂ ಉಣ್ಣೆಯ ಕಾಲುಚೀಲ ಬಿಡದ ಇಬ್ಬರು.
ಎಲ್ಲ ದಿನಕ್ಕೂ ಲೆಕ್ಕವಿತ್ತು, ರಸೀದಿಯಿತ್ತು.
"ಗುರುವಾರ?" ಅಂದೆ.
ಅಪ್ಪ ಚಹಾದ ಲೋಟದೊಳಗೆ ಇಣುಕಿದ.
ಅಮ್ಮ ಎದ್ದು, ಕುದಿಯದ ಸಾರನ್ನು ಕದಡಿದಳು.
"ಮಳೆ ಇತ್ತು," ಅಂದಳು.
"ಮಳೆಯೇನಿಲ್ಲ," ಅಂದ ಅಪ್ಪ, ಅದೇ ಕ್ಷಣದಲ್ಲಿ.

ತಾವಿ ಬಿದ್ದು ಬಿದ್ದು ನಕ್ಕ.
ನಾನು ನಗಲಿಲ್ಲ; ನನಗೆ ಯಾಕೋ
ಬೆಳಗಿನ ಬುಟ್ಟಿ, ಪಾಚಿಯ ವಾಸನೆ ನೆನಪಾಯಿತು.

ಈಗ ಮಾರ್ಚ್. ಬರ್ಚ್ ಮರಕ್ಕೆ ಬಕೆಟ್ಟು ಕಟ್ಟಿದ್ದೇನೆ.
ಕಿಟಕಿಯ ಹಳೆಯ ಜಾಮಿನ ಡಬ್ಬಿಯಲ್ಲಿ
ನಿಂಬೆಯ ಬೀಜ ಬಿಟ್ಟ ಎರಡೆಲೆ;
ಈ ಚಳಿಗೆ ಅದು ಕಾಯಿ ಬಿಡುವುದಿಲ್ಲ,
ಎಲ್ಲರಿಗೂ ಗೊತ್ತು.
ಆದರೂ ಅಪ್ಪ ಪಾಳಿಗೆ ಹೋಗುವ ಮುನ್ನ
ಗ್ರೀಸಿನ ಬೆರಳಲ್ಲಿ ಒಂದೆಲೆ ಮುಟ್ಟಿ ಮೂಸುತ್ತಾನೆ.
ವಾರಕ್ಕೊಂದೇ ಸಲ.
ಯಾವ ವಾರ ಅಂತ ನಾನು ಗಮನಿಸಿದ್ದೇನೆ,
ಯಾರಿಗೂ ಹೇಳಿಲ್ಲ.