ಒಂದರ ನಂತರ ಹತ್ತು

ಹಾವೇರಿ ಗುತ್ತಲ ರೋಡಿನ್ಯಾಗ, ಪಂಚರ್ ಅಂಗಡಿ ಮಗ್ಗಲಕ
ರಾಜೇಸಾಬ ಸೌಂಡ್ ಸರ್ವೀಸ್ ಅಂತ ಬೋರ್ಡ್ ಐತಿ.
ರಾಜೇಸಾಬ ನಮ್ಮಪ್ಪ.
ನಾ ಬರೇ ವೈರ್ ಸುತ್ತಾಂವ.

ಸಾಲಿಯವರು ಹರಾಜಿಗೆ ಹಾಕಿದ ಕಂಪ್ಯೂಟರು,
ಎಂಟನೂರಕ್ಕ ತಂದದ್ದು. ಅದರ ಹೊಟ್ಯಾಗ ನಲವತ್ತೇಳು ಹಾಡು.
ಅಕ್ಕನ ಮಗಳು ಜೈತುನ ಸಾಲಾಗಿ ಕುಂಡ್ರಿಸಿದ್ಲು
ಪಂಗತಿಗೆ ಎಲಿ ಹಾಕಿದಂಗ:
ಅರಿಶಿಣಕ್ಕ ಒಂದು, ಬೀಗರು ಇಳದ್ರ ಒಂದು,
ಅಕ್ಕಿಕಾಳಿಗೆ ಮೂರು, ಹಿಂಗ ಹತ್ತು ಶಾಸ್ತ್ರಕ್ಕ;
ಹತ್ತನೇದು ಹೆಣ್ಣು ಒಪ್ಪಿಸೂದು.
ಉಳದದ್ದು ಊಟದ ಗದ್ದಲಕ್ಕ, ಯಾರೂ ಕೇಳೂದಿಲ್ಲ.

ಮೊಬೈಲಿಗೆ ಇಳಸಬೇಕು.
ಮೊದಲ ದಿನ ಗುರತ ಹಿಡೀಲಿಲ್ಲ.
ಚಾರ್ಜ್ ಏರತೈತಿ, ಹಾಡು ಏರವಲ್ದು.
ಜೈತುನ ವೈರ್ ತಿರುವ್ಯಾಡಿ ನೋಡಿ ಅಂದ್ಲು:
ಮಾಮು, ಈ ವೈರು ಉಣ್ಣಾಕ ನೀಡತೈತಿ,
ಮಾತಾಡಂಗಿಲ್ಲ.
ನನಗ ಅಪ್ಪ ನೆನಪಾದ. ಹೇಳಲಿಲ್ಲ.
ಬಸ್ ಸ್ಟ್ಯಾಂಡ್ ಎದುರು ಎರಡ ತಾಸು ಅಡ್ಡಾಡಿ
ಮಾತಾಡೂ ವೈರ್ ತಂದೆ. ನೂರಾ ಇಪ್ಪತ್ತು ರೂಪಾಯಿ.

ಆಮ್ಯಾಲ ಮೊಬೈಲ್ ಕೇಳ್ತು: ಇವನ್ನ ನಂಬ್ಲೇನು?
ನಾ ಚಾಳೀಸು ಹುಡುಕೂದ್ರಾಗ ಕಣ್ಣ ಮುಚ್ಚಿತು.
ಮೂರನೇ ಸಲ ಜೈತುನನ ಹೂಂ ಅಂದ್ಲು.
ಹಾಡು ಇಳ್ಯಾಕ ಹತ್ತಿದ್ವು, ಇಪ್ಪತ್ತು, ಮೂವತ್ತು,
ಮೂವತ್ತೊಂದಕ್ಕ ನಿಂತ್ತು.
ಆರಿಸಿ ಹಚ್ಚಿದ್ವಿ. ಮತ್ತ ಮೂವತ್ತೊಂದಕ್ಕ,
ನಡು ದಾರ್‍ಯಾಗ ಮಲಕೊಂಡ ಎತ್ತಿನಂಗ.

ಆ ಹಾಡಿನ ಹೆಸರು: ಯಾರಕಿ?

ಸವಣೂರಾಗ ಒಂದ ಮದುವಿ, ಕರೆಂಟ್ ಹೋಗಿತ್ತು.
ಕತ್ತಲ್ಯಾಗ ಯಾರೋ ಒಬ್ಬಾಕಿ ಸೋಬಾನ ಎತ್ತಿದ್ಲು.
ಹಳೇ ಮೊಬೈಲಿನ್ಯಾಗ ಹಿಡಕೊಂಡೆ.
ಕರೆಂಟ್ ಬಂದಾಗ ನೋಡಿದ್ರ ಐವತ್ತು ಮಂದಿ ಹೆಂಗಸರು,
ಎಲ್ಲಾರ ಬಾಯೂ ಮುಚ್ಚಿದ್ವು.

ಮೊಬೈಲಿನ ಕಾರ್ಡಿಗೆ ಪ್ರಶ್ನಿ ಗುರುತು ನಡಿಯಂಗಿಲ್ಲಂತ.
ಕಂಪ್ಯೂಟರ್ ಏನ ಬೇಕಾದ್ರೂ ಕೇಳ್ಲಿ,
ಕಾರ್ಡು ಕೇಳಸಗೊಳ್ಳಂಗಿಲ್ಲ.
ಜೈತುನ ಕೊಕ್ಕಿ ಅಳಿಸಿದ್ಲು. ಯಾರಕಿ ಅಂತಷ್ಟ ಉಳೀತು,
ಯಾವುದೋ ಊರಿನ ಹೆಸರಿನಂಗ.
ನಲವತ್ತೇಳೂ ಇಳದ್ವು.
ಎಲ್ಲಾದಕ್ಕೂ ನಂಬರ್ ಬರದ್ಲು, ಅದೊಂದ ಬಿಟ್ಟು.
ಆಕೀನ್ನ ಎಷ್ಟನೇದಾಕಿ ಅನ್ನೂದು, ಮಾಮು?

ಬ್ಯಾಡಗಿ. ಮೆಣಸಿನಕಾಯಿ ದಲಾಲರ ಮನಿ ಮದುವಿ.
ಪೆಂಡಾಲಿಗೆಲ್ಲಾ ಘಾಟು, ಬೀಗರೂ ಸೀನಕೋತ ಇಳ್ಯಾಕ ಹತ್ತಿದ್ರು.
ಅರಿಶಿಣದ ಹಾಡ ಮುಗೀತು. ಮುಂದ ಎರಡನೇದು ಬರಬೇಕು,
ಬಂದದ್ದು ಹೆಣ್ಣು ಒಪ್ಪಿಸೂದು.
ಹುಡುಗಿ ಆಯಿ ಸೆರಗು ಬಾಯಿಗೆ ಹಚ್ಚಿ ಅಳಾಕ ಸುರು ಮಾಡಿದ್ಲು.
ಆಯವ್ವಾ, ಇನ್ನ ತಾಳಿನ ಕಟ್ಟಿಲ್ಲ!
ಪೆಂಡಾಲ್ ನಕ್ಕ ನಕ್ಕು ಸುಸ್ತಾತು, ಮದುಮಗಳೂ ನಕ್ಕಳು.
ಖರೇ ಒಪ್ಪಿಸೂ ಹೊತ್ತಿಗೆ
ಕಣ್ಣೀರು ಖರ್ಚಾಗಿತ್ತು.

ಕಂಪ್ಯೂಟರಿಗೆ ಒಂದು ಎರಡು ಮೂರು ಬರತೈತಿ.
ಮೊಬೈಲ್ ಅಕ್ಷರ ಓದಿದಂಗ ಅಂಕಿ ಓದತೈತಿ:
ಒಂದರ ನಂತರ ಹತ್ತು, ಹನ್ನೊಂದು, ಹನ್ನೆರಡು,
ಎರಡರ ಪಾಳಿ ಹತ್ತೊಂಬತ್ತರ ಬೆನ್ನಿಗೆ.
ಜೈತುನ ಒಂಬತ್ತು ಹಾಡಿನ ಮುಂದ ಒಂಬತ್ತು ಸೊನ್ನಿ ಹಚ್ಚಿದ್ಲು.
ಸೊನ್ನಿಗೆ ಬಲಕ್ಕಷ್ಟ ಬೆಲಿ ಅಂತ ನಮ್ಮ ಮಾಸ್ತರು ಕಲಿಸಿದ್ರು.
ಎಡಕ್ಕೂ ಐತಿ, ತಡಾಗಿ ಗೊತ್ತಾತು.

ಈಗ ಎಲ್ಲಾ ಸುರಳೀತ.
ನಂಬರ್ ಇಲ್ಲದಾಕಿ ನಂಬರ್ ಇದ್ದವೆಲ್ಲಾ ಮುಗದ ಮ್ಯಾಲ ಬರತಾಳ,
ಪೆಂಡಾಲ್ ಬಿಚ್ಚೂ ಹೊತ್ತಿಗೆ.
ನಾ ಆರಿಸಂಗಿಲ್ಲ. ವೈರ್ ಸುತಗೋತ ಕೇಳತೀನಿ.

ಮೊನ್ನೆ ರಟ್ಟೀಹಳ್ಳಿಯೊಳಗ
ಹಂಡೆ ತಿಕ್ಕಾಕ ಕುಂತ ಮುದುಕಿ ಕೈ ನಿಲ್ಲಿಸಿದ್ಲು.
ಯಾರಕಿ ಇಕಿ? ಎರಡನೇ ನುಡಿ ತಪ್ಪ್ಯಾಳ.
ಅಂದು, ಬೂದಿಗೈಲೆ ಹಂಡೆ ಬಡಕೋತ
ತಾನ ಹಾಡಿ ತೋರಿಸಿದ್ಲು. ಸಣ್ಣ ದನಿ, ಹಲ್ಲಿಲ್ಲ,
ಆದ್ರ ನುಡಿ ಹೌದಂದ್ರ ಹೌದು.

ಹಿಡಕೋಬೇಕಂತ ಕೈ ಕಿಸೇಕ ಹೋತು.
ಮೊಬೈಲು ಅಲ್ಲೆ, ಪೆಟ್ಟಿಗಿ ಮ್ಯಾಲ,
ಇನ್ನೂ ತಪ್ಪು ಹಾಡಾಕ ಹತ್ತಿತ್ತು.