ಉಂಡವರ ಪಟ್ಟಿ

ನಾನು ಲಕೋಟೆಗೆ ವಿಳಾಸ ಅಂಟಿಸುವವಳು,
ಸಸ್ಕ್ವೆಹಾನಾ ಹೊಳೆದಂಡೆಯ ಈ ಕಾಲೇಜಿನ ನೆಲಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ.
ಪದವಿ ಪಡೆದು ಹೋದವರೆಲ್ಲ
ಉದ್ದುದ್ದ ಡಬ್ಬಿಗಳಲ್ಲಿ ಕಾರ್ಡುಗಳಾಗಿ ಮಲಗಿದ್ದಾರೆ.
ಮದುವೆಯಾದರೆ ಹೆಸರು ಹೊಡೆದು ಬರೆಯುತ್ತೇನೆ,
ಸತ್ತರೆ ಮೂಲೆ ಮಡಿಸುತ್ತೇನೆ.

ಬಾಗಿಲ ಹಲಗೆಯಲ್ಲಿ ಮೊದಲು 'ಅಲಮ್ನೀ' ಎಂದಿತ್ತು.
ಹೆಣ್ಣುಮಕ್ಕಳ ಕಾಲೇಜು, ಹೆಣ್ಣು ಬಹುವಚನ.
ಆಮೇಲೆ ಆರ್ಲೋ ಟಿಬೆಟ್ಸ್ ಎಂಬ ಒಬ್ಬನೇ ಒಬ್ಬ ಹುಡುಗ
(ಜೀವಶಾಸ್ತ್ರ, ತೆಳು ಮೀಸೆ, ಸದಾ ನೆಗಡಿ)
ಪದವಿ ಪಡೆದ ಮರುವಾರವೇ
ಬಡಗಿ ಬಂದು ಕೊನೆಯ ಎರಡಕ್ಷರ ಕಿತ್ತು
ಒಂದನ್ನು ಜಡಿದು ಹೋದ: 'ಅಲಮ್ನೈ'.
ನಾಲ್ಕು ಸಾವಿರ ಹೆಂಗಸರು
ಒಬ್ಬನ ನೆಗಡಿಗೆ ಪುಲ್ಲಿಂಗವಾದರು.

ಲ್ಯಾಟಿನ್ ಕಲಿಸುವ ಮಿಸ್ ವೆಸ್ಟರ್‌ವೆಲ್ಟ್
ಹಲಗೆ ನೋಡಿ ಮೂಗಿನಲ್ಲೇ ನಕ್ಕರು.
ರೋಮಿನವರ ಬಾಯಲ್ಲಿ ಗಂಡಸರು 'ನೀ', ಹೆಂಗಸರು 'ನೈ'ಯಂತೆ,
ನಾವು ಉಚ್ಚರಿಸುವುದೇ ತಿರುವುಮುರುವು.
"ಬರೆದದ್ದು ಅವನ ಹೆಸರು,
ನೀವು ಕೂಗುತ್ತಿರುವುದು ನಮ್ಮದು. ಇರಲಿ ಬಿಡಿ."

ನಿವೃತ್ತಿಯ ವರ್ಷ, ಕೆಳಗೆ ಬೆಚ್ಚಗಿರುತ್ತದೆಂದು
ಥರ್ಮಾಸಿನ ಸೂಪು ಹಿಡಿದು ನನ್ನ ಮೇಜಿಗೇ ಬರುತ್ತಿದ್ದರು.
ಒಂದು ದಿನ ಹೇಳಿದರು: ಆ ಪದಕ್ಕೆ ಮೊದಲಿಗೆ
ಓದಿನ ಸೋಂಕೇ ಇರಲಿಲ್ಲ.
ಅದರ ಬೇರು 'ಉಣಿಸು'.
ಯಾರೋ ಹೆತ್ತು ಬೀದಿಗೆ ಬಿಟ್ಟದ್ದನ್ನು
ಇನ್ಯಾರೋ ಎತ್ತಿಕೊಂಡು ತುತ್ತಿಟ್ಟರೆ
ಆ ಮಗು ಅಲಮ್ನಸ್. ಸಾಕುಮಗು.
ಗೋರಿಕಲ್ಲುಗಳ ಮೇಲೆ ಕೆತ್ತಿಸುತ್ತಿದ್ದರು,
ರಕ್ತದ ನಂಟಿಲ್ಲದವರು, ದುಡ್ಡು ಕೊಟ್ಟು.
ಎತ್ತರ ಎಂಬುದಕ್ಕೂ ಅವರ ಮಾತಿನಲ್ಲಿ ಅದೇ ಬೇರು:
ತಿಂದದ್ದಕ್ಕೆ ತಾನೇ ಬೆಳೆಯುವುದು?

ನಾನು ಡಬ್ಬಿಗಳತ್ತ ನೋಡಿದೆ.
ಅಷ್ಟೂ ಕಾರ್ಡುಗಳು
ಒಮ್ಮೆಲೇ ಬಾಯಿ ತೆರೆದಂತಾಯಿತು.

ಮೇಲೆ ಅಡುಗೆಮನೆಯಲ್ಲಿ ಲುದ್ಮಿಲಾ ಹ್ರಿಂಕೋ.
ಗಣಿಯವನ ಮಗಳು; ಮೂವತ್ತೆಂಟು ಚಳಿಗಾಲ
ಓಟ್ಸಿನ ಗಂಜಿ, ಹುರುಳಿಕಾಯಿ ಸೂಪು,
ಪರೀಕ್ಷೆಯ ರಾತ್ರಿಗಳಲ್ಲಿ ಚಕ್ಕೆಪುಡಿ ಉದುರಿಸಿದ ಬ್ರೆಡ್ಡು.
ಅವಳ ಕಾರ್ಡು ನನ್ನಲ್ಲಿಲ್ಲ.
ಪದವಿ ವರ್ಷದ ಜಾಗದಲ್ಲಿ ಏನೆಂದು ಬರೆಯಲಿ?

"ಉಂಡವರಿಗೆ ಈ ಪದವಾದರೆ
ಉಣಿಸಿದವಳಿಗೆ?" ಕೇಳಿದೆ.
ಮಿಸ್ ವೆಸ್ಟರ್‌ವೆಲ್ಟ್ ಮುಚ್ಚಳದ ಸೂಪನ್ನು
ತುಸು ಹೊತ್ತು ಸುಮ್ಮನೆ ತಿರುಗಿಸಿದರು.
"ಇದೆ. ಅಲ್ಮಾ. ಅದೇ ಬೇರಿನದು.
ಆದರೆ ಅದನ್ನು ಈಗಾಗಲೇ
ಕಟ್ಟಡಕ್ಕೆ ಕೊಟ್ಟುಬಿಟ್ಟಿದ್ದೇವೆ."

ಪ್ರತಿ ಜೂನಿನಲ್ಲಿ ಅವರು ಮರಳಿ ಬರುತ್ತಾರೆ,
ಕೊರಳಿಗೆ ಹೆಸರಿನ ಚೀಟಿ ತೂಗಿಸಿಕೊಂಡು.
ಊಟದ ಹಾಲಿನ ಒಂದೊಂದು ತೊಲೆಗೂ ಈಗ ಒಂದೊಂದು ಹಿತ್ತಾಳೆ ಫಲಕ,
ಎಷ್ಟು ಕೊಟ್ಟವರಿಗೆ ಯಾವ ತೊಲೆ ಎಂಬ ಲೆಕ್ಕ.
ಕತ್ತೆತ್ತಿ, ಬೆರಳೆತ್ತಿ,
ಉಂಡ ಮನೆಯ ಜಂತೆ ಎಣಿಸುತ್ತಾರೆ.
ಗಾದೆಯವರು ಬೈದದ್ದನ್ನು
ನಾವು ಆಮಂತ್ರಣ ಕಳಿಸಿ ಮಾಡಿಸುತ್ತೇವೆ;
ಅಂಚೆಚೀಟಿ ಅಂಟಿಸಿದವಳು ನಾನೇ.
ಕಿಟಕಿಯ ಆಚೆ ಲುದ್ಮಿಲಾ
ಖಾಲಿ ತಟ್ಟೆಗಳಿಗೆ ಕಾಯುತ್ತ ಒಂಟಿಕಾಲ ಮೇಲೆ ಭಾರ ಬಿಟ್ಟು ನಿಂತಿರುತ್ತಾಳೆ.

ಈ ವರ್ಷ ಒಂದು ಲಕೋಟೆ ವಾಪಸು ಬಂತು, ನೆಬ್ರಾಸ್ಕಾದಿಂದ.
ಟಿಬೆಟ್ಸ್, ಆರ್ಲೋ.
ಚೆಕ್ ಇಲ್ಲ. ಮೊತ್ತದ ಚೌಕದೊಳಗೆ
ಇರುವೆಸಾಲಿನ ಕೈಬರಹ:
'ಈರುಳ್ಳಿ ಬೇಯಿಸಿ ಜೇನು ಹಾಕಿ ಕೊಡುತ್ತಿದ್ದವರು,
ಅವರ ಹೆಸರು ಕೇಳಿಕೊಳ್ಳಲೇ ಇಲ್ಲ. ಇದ್ದಾರಾ?'

ಅದನ್ನು ಯಾವ ಡಬ್ಬಿಗೆ ಹಾಕುವುದೋ ತಿಳಿಯದೆ
ಮೆಟ್ಟಿಲು ಹತ್ತಿ ಹೋದೆ.
ಲುದ್ಮಿಲಾಳ ಕೈಯೆಲ್ಲ ಹಿಟ್ಟು, ಕನ್ನಡಕ ಎಲ್ಲೋ.
ನಾನೇ ಓದಿದೆ, ಎರಡು ಸಲ.
ಅವಳು ಒಲೆಯ ಉರಿ ಸಣ್ಣ ಮಾಡಿದಳು.

"ಆ ಹುಡುಗನಾ,
ನೆಗಡಿ ವಾಸಿಯಾಯಿತಂತಾ?"